ಕೊಂಡಿ ಕಿತ್ತ ರೂಪಾಯಿ

ನನ್ನ ಕೈ ಬಹಳ ಕೆಟ್ಟದ್ದು. ಬಾಯಿ ತೆರೆಯುವುದಕ್ಕೆ ಮುಂಚೆ ಅದು ಎದ್ದುಬಿಡುತ್ತದೆ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ಆದರೆ ಇದನ್ನು ಮುಚ್ಚಿಟ್ಟು ಬರೆದರೆ ಮುಂದಿನದು ಯಾವುದೂ ನಿಮಗೆ ಅರ್ಥವಾಗುವುದಿಲ್ಲ. ಶೀಳನೆರೆಯ ಒಬ್ಬ ಹಾಲಿನವನ ಎಡಗಿವಿ ಈ ಕೈಯಿಂದ ಹೋಯಿತು. ಅವನ ಮನೆಯ ಬೆಳ್ಳಿ ರೂಪಾಯಿಯೂ ಈ ಕೈಯಿಂದಲೇ ಹೋಯಿತು. ಎರಡೂ ಒಂದೇ ಭಾನುವಾರ, ಒಂದೇ ಕೋಣೆಯಲ್ಲಿ.

ಈ ಕೈ ನಮ್ಮಪ್ಪನಿಂದ ಬಂದ ಆಸ್ತಿ. ಪಾಲಹಳ್ಳಿಯ ನಾಲೆ ನೀರಿನ ಗದ್ದೆಯನ್ನು ಅಣ್ಣನಿಗೆ ಬಿಟ್ಟ, ಕೈಯನ್ನು ನನಗೆ ಬಿಟ್ಟ. ಚಿಕ್ಕವನಿದ್ದಾಗ ಒಮ್ಮೆ ನೇಗಿಲ ಸಾಲಿನಲ್ಲಿ ಸುಲ್ತಾನರ ಕಾಲದ ಆನೆ ಕಾಸು ಸಿಕ್ಕಿತು. ತಾಮ್ರದ್ದು, ಒಂದು ಬದಿಗೆ ಆನೆಯ ಚಿತ್ರ. ಅಪ್ಪನ ಕಣ್ಣಿಗೆ ಬೀಳಬಾರದೆಂದು ಬಾಯೊಳಗೆ ಹಾಕಿಕೊಂಡೆ. ಕೆಲಸ ಬಿಟ್ಟು ಯಾಕೆ ಬಗ್ಗಿದ್ದೀಯ ಎಂದು ಅವನು ಕೇಳಿದ. ಬಾಯಲ್ಲಿ ಕಾಸಿಟ್ಟುಕೊಂಡು ಏನಂತ ಉತ್ತರ ಕೊಡಲಿ? ಮಾತಾಡದ ಸೊಕ್ಕಿಗೆ ಕಪಾಳಕ್ಕೆ ಬಿಗಿದ. ಕಾಸೂ ಒಂದು ಹಲ್ಲೂ ಒಟ್ಟಿಗೆ ಕೆಸರಿಗೆ ಬಿದ್ದವು. ನಾನು ಹಲ್ಲನ್ನು ಅಲ್ಲೇ ಬಿಟ್ಟು ಕಾಸು ಎತ್ತಿಕೊಂಡೆ. ಈಗಲೂ ನನ್ನ ಆಲ್ಬಮ್ಮಿನ ಮೊದಲ ಪುಟದಲ್ಲಿರುವುದು ಅದೇ.

ಶ್ರೀರಂಗಪಟ್ಟಣದಲ್ಲಿ ನನ್ನದೊಂದು ಮೋಟಾರು ಅಂಗಡಿ ಇದೆ. ಸುಟ್ಟುಹೋದ ಪಂಪ್‌ಸೆಟ್ಟಿಗೆ ಹೊಸ ತಂತಿ ಸುತ್ತಿ ಕೊಡುವ ಕೆಲಸ. ಅದರ ಜೊತೆಗೆ ನಾಣ್ಯ, ಪದಕ, ನೋಟು ಕೂಡಿಸುವವರ ಮತ್ತು ಅವುಗಳನ್ನು ಅಭ್ಯಾಸ ಮಾಡುವವರ ಅಖಿಲ ಭಾರತ ಮಟ್ಟದ ಸಂಘವೊಂದಕ್ಕೆ ಬಹಳ ವರ್ಷಗಳಿಂದ ಸದಸ್ಯ. ಸಂಘದ ಪತ್ರಿಕೆ ಅಂಚೆಯಲ್ಲಿ ಬಂದರೆ ಗ್ರೀಸು ಮೆತ್ತಿದ ಕೈಯನ್ನು ಸೋಪು ಹಾಕಿ ತೊಳೆದುಕೊಂಡೇ ಕವರು ಒಡೆಯುತ್ತಿದ್ದೆ. ಇಂಗ್ಲಿಷು ಅರ್ಧ ಅರ್ಥವಾಗುತ್ತಿತ್ತು, ಇನ್ನರ್ಧಕ್ಕೆ ಮೇಷ್ಟ್ರಿದ್ದರು. ಮೇಷ್ಟ್ರು ಪಟ್ಟಣದ ದೇವಸ್ಥಾನದ ಮನೆತನದವರು, ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತರಾದವರು, ನನಗಿಂತ ಹಳೆಯ ಸದಸ್ಯರು. ಕಾಸು ಕೂಡಿಹಾಕುವ ಚಟವಷ್ಟೇ ಇದ್ದ ನನ್ನನ್ನು ಕೂರಿಸಿಕೊಂಡು ಓದಿಸಿದವರು ಅವರು.

ನಮ್ಮ ನಾಲ್ಕು ತಾಲೂಕಿನ, ಅಂದರೆ ಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಸದಸ್ಯರೆಲ್ಲ ಸೇರಿ ಒಂದು ಕೂಟ ಮಾಡಿಕೊಂಡಿದ್ದೆವು. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಪಾಂಡವಪುರದ ಒಂದು ಗೊಬ್ಬರದಂಗಡಿಯ ಮಹಡಿಯಲ್ಲಿ ಸೇರುವುದು. ಕೆಳಗಿನಿಂದ ಯೂರಿಯಾ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ನಡುವೆ ಕೆಂಪು ಬಟ್ಟೆ ಹಾಸಿದ ಒಂದು ಮಣೆ. ನಾಣ್ಯವನ್ನು ಕೈಯಿಂದ ಕೈಗೆ ಕೊಡುವ ಹಾಗಿಲ್ಲ. ಮಣೆಯ ಮೇಲಿಡಬೇಕು, ಇನ್ನೊಬ್ಬರು ಅಂಚು ಹಿಡಿದು ಎತ್ತಿಕೊಳ್ಳಬೇಕು.

ಹೊಸಬರು ಕೂಟಕ್ಕೆ ಸೇರಬೇಕೆಂದರೆ ತಮ್ಮ ಮನೆಯದೇ ಒಂದು ನಾಣ್ಯ ತಂದು ಮಣೆಗಿಡಬೇಕು. ಅದು ಗೆದ್ದರೇ ದೊಡ್ಡ ಸಂಘದ ಅರ್ಜಿಗೂ ನಮ್ಮ ಸಹಿ. ಮೊದಲು ಪರೀಕ್ಷೆ, ಆಮೇಲೆ ಅದರ ಕಥೆ. ಕಥೆ ಮೊದಲೇ ಕೇಳಿದರೆ ನೋಡುವವರ ಕಣ್ಣು ಮೆತ್ತಗಾಗುತ್ತದೆ ಅಂತ ನಾವೇ ಮಾಡಿಕೊಂಡ ನಿಯಮ ಅದು. ಪರೀಕ್ಷೆ ಮುಗಿಯುವವರೆಗೆ ನಾಣ್ಯದವನು ತುಟಿ ಬಿಚ್ಚಬಾರದು. ಕೊಂಡಿ ಬೆಸೆದ ನಾಣ್ಯ, ತೂತು ಕೊರೆದ ನಾಣ್ಯ ಇವು ಮಣೆಗೆ ಬರಕೂಡದು. ಅವು ಒಡವೆಯ ಲೆಕ್ಕ, ನಾಣ್ಯವಲ್ಲ ಎನ್ನುವುದು ನಮ್ಮ ಗತ್ತು.

ಇನ್ನೊಂದು ಪದ್ಧತಿ ಇತ್ತು. ದೊಡ್ಡ ಸಂಘಕ್ಕೂ ಅದಕ್ಕೂ ಸಂಬಂಧವಿಲ್ಲ, ಅದು ನಮ್ಮ ಕೂಟದ್ದೇ. ಮಣೆಗೆ ಬಂದದ್ದು ಖೋಟಾ ಎಂದು ಎಲ್ಲರೂ ಒಪ್ಪಿದರೆ ಅಲ್ಲೇ ಅದನ್ನು ಕೊಲ್ಲುತ್ತಿದ್ದೆವು. ಕೊಲ್ಲುವುದು ಎಂದೇ ಹೇಳುತ್ತಿದ್ದೆವು. ಹಿಂದಿನ ಕಾಲದಲ್ಲಿ ನಾಣ್ಯ ಪರೀಕ್ಷೆ ಮಾಡುವ ಚಿನಿವಾರರು ಕೆಟ್ಟ ನಾಣ್ಯಕ್ಕೆ ಉಳಿ ಹಾಕುತ್ತಿದ್ದರು ಎಂದು ಮೇಷ್ಟ್ರು ಯಾವಾಗಲೋ ಹೇಳಿದ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಕಬ್ಬಿಣದ ತುಂಡಿನ ಮೇಲಿಟ್ಟು, ಮುಖದ ಮೇಲೆ ಅಡ್ಡಕ್ಕೆ ಉಳಿ ಹಿಡಿದು, ಸುತ್ತಿಗೆಯಿಂದ ಒಂದೇ ಏಟು. ಏಟು ಹಾಕಿದವನು “ಸತ್ತಿತು” ಅನ್ನಬೇಕು, ಉಳಿದವರೂ “ಸತ್ತಿತು” ಅನ್ನಬೇಕು. ಆಮೇಲೆ ಅದು ತಗಡಿನ ಡಬ್ಬಿಗೆ, ಯಜಮಾನನಿಗೆ ವಾಪಸ್ ಇಲ್ಲ. ಉಳಿ, ಸುತ್ತಿಗೆ ನನ್ನ ಅಂಗಡಿಯವು, ಏಟೂ ನನ್ನದೇ. ಆ ಕೆಲಸಕ್ಕೆ ನನ್ನನ್ನು ಯಾರೂ ನೇಮಿಸಿರಲಿಲ್ಲ. ಬೇರೆ ಯಾರಿಗೂ ಅದರ ಮೇಲೆ ಅಷ್ಟು ಆಸೆ ಇರಲಿಲ್ಲ, ಅಷ್ಟೇ. ಸುತ್ತಿಗೆ ಬಿದ್ದಾಗ ನನಗೆ ಹೊಟ್ಟೆಯೊಳಗೆ ತಂಪಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಆಗ ಖೋಟಾದವರ ಕಾಟ ಮಿತಿಮೀರಿತ್ತು. ಕೋಟೆ ನೋಡಲು ಬರುವ ಟೂರಿಸ್ಟುಗಳಿಗೆ ಎರಕ ಹೊಯ್ದ ನಾಣ್ಯಗಳನ್ನು ಹೊಳೆಯಲ್ಲಿ ಸಿಕ್ಕಿದ್ದು ಅಂತ ಮಾರುವವರು ಹುಟ್ಟಿಕೊಂಡಿದ್ದರು. ನಾಗಮಂಗಲದ ಕಡೆ ಯಾರೋ ಹೊಯ್ಯುತ್ತಾರೆ ಎಂದು ಪಟ್ಟಣದವರ ಪುಕಾರು, ಪಟ್ಟಣದವರೇ ಹೊಯ್ಯುತ್ತಾರೆ ಎಂದು ನಾಗಮಂಗಲದವರ ಪುಕಾರು. ಒಂದು ಮಧ್ಯಾಹ್ನ ಮಾರುವವನೊಬ್ಬ ನನ್ನ ಕೈಗೇ ಒಂದನ್ನು ತುರುಕಿ ವ್ಯಾಪಾರಕ್ಕೆ ನಿಂತ. ಪಿತ್ತ ನೆತ್ತಿಗೇರಿತು. ಅವನ ತಟ್ಟೆ ಕಿತ್ತುಕೊಂಡು ಅದರಲ್ಲೇ ಅವನ ಮುಖಕ್ಕೆ ಬಾರಿಸಿದೆ. ಮೂಗು ಒಡೆದು ರಕ್ತ ಇಳಿದು ಅಂಗಿಯೆಲ್ಲ ತೊಯ್ದುಹೋಯಿತು. ನೆಲಕ್ಕೆ ಚೆಲ್ಲಿದ ನಾಣ್ಯಗಳನ್ನು ಕಲ್ಲು ತೆಗೆದುಕೊಂಡು ಒಂದೊಂದಾಗಿ ಜಜ್ಜಿದೆ. ಸುತ್ತ ನಿಂತವರು ಸಿಳ್ಳೆ ಹಾಕಿದರು. ಖೋಟಾ ಹಿಡಿದ ಸುದ್ದಿಯಷ್ಟೇ ದೊಡ್ಡ ಸಂಘದವರೆಗೆ ಹೋಯಿತು, ಮೂಗಿನ ಸುದ್ದಿ ಹೋಗಲಿಲ್ಲ. ಆ ವರ್ಷದ ಸಮ್ಮೇಳನದಲ್ಲಿ ಕರೆದು ನನಗೊಂದು ಪದಕ ಹಾಕಿದರು. ಮನೆಗೆ ತಂದು ತೋರಿಸಿದರೆ ನನ್ನ ಹೆಂಡತಿ ಅದನ್ನು ಮುಟ್ಟಲೂ ಇಲ್ಲ. ಹೊಡೆದಾಡೋದಕ್ಕೂ ಬಹುಮಾನ ಕೊಡುತ್ತಾರೆಂದು ತನಗೆ ಗೊತ್ತಿರಲಿಲ್ಲ ಅಂದಳು.

ಈಗ ಶೀಳನೆರೆಯವನ ವಿಷಯ. ನನಗಿಂತ ಒಂದು ಹತ್ತು ವರ್ಷ ಚಿಕ್ಕವನು. ನಾಲ್ಕು ಹಸು ಸಾಕಿಕೊಂಡು ಡೈರಿಗೆ ಹಾಲು ಹಾಕಿ ಬದುಕುವವನು. ಮೇಷ್ಟ್ರು ಕೆ.ಆರ್.ಪೇಟೆಯಲ್ಲಿದ್ದಾಗ ಅವರ ಹತ್ತಿರ ಓದಿದ್ದನಂತೆ, ಆ ಸಲುಗೆಯಲ್ಲಿ ನಮ್ಮ ಕೂಟಕ್ಕೆ ಬಂದು ಬಾಗಿಲ ಪಕ್ಕ ಕೂರುತ್ತಿದ್ದ. ಅವನ ಕಿವಿ ಎಂಥದ್ದು ಅಂದರೆ, ಏನು ಹೇಳಲಿ. ಬೆಳ್ಳಿ ನಾಣ್ಯವನ್ನು ಬೆರಳ ತುದಿಯಲ್ಲಿ ನಿಲ್ಲಿಸಿ ಇನ್ನೊಂದು ನಾಣ್ಯದಿಂದ ತಟ್ಟಿದರೆ ದನಿ ಬರುತ್ತದೆ. ಒಳ್ಳೆಯ ಬೆಳ್ಳಿ ಎಳೆದು ಗುಂಯ್‌ಗುಡುತ್ತದೆ, ಎರಕದ್ದು ದಬ್ ಎಂದು ಸುಮ್ಮನಾಗುತ್ತದೆ. ನಮಗೆ ತಿಳಿದಿದ್ದು ಅಷ್ಟು. ಅವನು ಗೋಡೆಗೊರಗಿ ಕಣ್ಣು ಮುಚ್ಚಿಕೊಂಡೇ ಇದರಲ್ಲಿ ತಾಮ್ರ ಜಾಸ್ತಿ, ಇದು ಒಳಗೆ ಸೀಳು ಬಿಟ್ಟಿದೆ ಎಂದು ಹೇಳುತ್ತಿದ್ದ. ತೂಕ ಹಾಕಿ, ಭೂತಗನ್ನಡಿ ಹಿಡಿದು ನೋಡಿದರೆ ಅವನು ಹೇಳಿದ್ದೇ ಸರಿ ಇರುತ್ತಿತ್ತು.

ಎರಡು ವರ್ಷ ಅವನ ಕಿವಿಯನ್ನು ಬಿಟ್ಟಿಯಾಗಿ ಬಳಸಿಕೊಂಡೆವು. ಸದಸ್ಯನಾಗು ಎಂದು ಒಬ್ಬರೂ ಹೇಳಲಿಲ್ಲ. ಅವನಿಗೆ ಬಹಳ ಆಸೆ ಇತ್ತು. ಪತ್ರಿಕೆಯ ಕವರಿನ ಮೇಲಿನ ನನ್ನ ವಿಳಾಸವನ್ನು ಬೆರಳಿಂದ ಸವರಿ ನೋಡುತ್ತಿದ್ದ. ತನ್ನ ಹೆಸರಿಗೂ ಊರ ಅಂಚೆಯಲ್ಲಿ ಹೀಗೆ ಬರಬೇಕು ಎನ್ನುತ್ತಿದ್ದ. ಆದರೆ ಮಣೆಗಿಡಲು ಅವನ ಹತ್ತಿರ ನಾಣ್ಯವಿರಲಿಲ್ಲ. ಅವರ ಮನೆಯಲ್ಲಿದ್ದದ್ದು ಒಂದೇ ಒಂದು, ಪಟ್ಟಣದ ಟಂಕಸಾಲೆಯಲ್ಲೇ ಹೊಡೆದ ಹಳೆಯ ಬೆಳ್ಳಿ ರೂಪಾಯಿ, ಎರಡು ಮುಖಕ್ಕೂ ಪಾರ್ಸಿ ಬರಹ. ಅದಕ್ಕೆ ಯಾವ ಕಾಲದಲ್ಲೋ ಕೊಂಡಿ ಬೆಸೆದಿದ್ದರು. ಮನೆಯಲ್ಲಿ ಮಗು ಹುಟ್ಟಿದರೆ ಅದರ ಉಡಿದಾರಕ್ಕೆ ಈ ರೂಪಾಯಿ. ಮಗು ನಡೆಯುವಂತಾದ ಮೇಲೆ ಬಿಚ್ಚಿ ಅವನ ಅವ್ವನ ಪೆಟ್ಟಿಗೆಗೆ. ಅವನೂ ಅವನ ಅಣ್ಣನೂ ಅಣ್ಣನ ಮಕ್ಕಳೂ ಅದನ್ನು ಸೊಂಟಕ್ಕೆ ಕಟ್ಟಿಕೊಂಡೇ ಅಂಬೆಗಾಲಿಟ್ಟವರು. ಇಷ್ಟೆಲ್ಲ ನನಗೆ ಗೊತ್ತಾದದ್ದು ಕೊನೆಗೆ. ಮೊದಲೇ ಗೊತ್ತಾಗಬಹುದಿತ್ತು, ಅವನು ಹೇಳಲೆಂದೇ ಬಂದಿದ್ದ.

ಸುಟ್ಟ ಮೋಟಾರೊಂದನ್ನು ತೆಗೆದುಕೊಂಡು ಅಂಗಡಿಗೆ ಬಂದಿದ್ದ ದಿನ ಅದು. ನಾನು ತಂತಿಯ ಕಾಯಿಲು ಸುತ್ತುತ್ತಿದ್ದೆ. ಸುತ್ತು ಎಣಿಸುವಾಗ ಯಾರು ಮಾತಾಡಿಸಿದರೂ ನನಗೆ ಮೈ ಉರಿಯುತ್ತದೆ, ಎಣಿಕೆ ತಪ್ಪಿದರೆ ಪೂರ್ತಿ ಬಿಚ್ಚಬೇಕು. ಅವನು ಜೇಬಿನಿಂದ ರೂಪಾಯಿ ತೆಗೆದು ಅಂಗೈಯಲ್ಲಿಟ್ಟುಕೊಂಡು, ಇದು ಮಣೆಗೆ ನಡೆಯುತ್ತದಾ ಎಂದು ಕೇಳಿದ. ನಾನು ಅರ್ಧ ಕಣ್ಣಲ್ಲಿ ನೋಡಿದೆ. ಕೊಂಡಿ ಕಾಣಿಸಿತು.

“ಕೊಂಡಿ ಅದೆಯಲ್ಲಯ್ಯಾ, ನಡೆಯಕಿಲ್ಲ. ಕೀಳ್ಸಿ, ಅಂಚು ಉಜ್ಜುಸ್ಕಂಡು ಬಾ.”

ನಾಣ್ಯ ಬಲ್ಲವನು ಯಾವನೂ ಆಡಬಾರದ ಮಾತು ಅದು. ಕೊಂಡಿ ಕಿತ್ತು ಉಜ್ಜಿದರೆ ನಾಣ್ಯಕ್ಕೆ ಗಾಯವಾಗುತ್ತದೆ. ಅವನನ್ನು ಸಾಗಹಾಕಿ ಎಣಿಕೆ ಮುಂದುವರಿಸುವುದು ನನಗೆ ಬೇಕಿತ್ತು. ಊಟದ ಡಬ್ಬಿ ತಂದಿದ್ದ ನನ್ನ ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಆ ಕಾಯಿಲು ಮುಗಿಯುವಷ್ಟರಲ್ಲಿ ನಾನು ಆಡಿದ್ದನ್ನು ಮರೆತೇಬಿಟ್ಟೆ. ಅವನು ಅವ್ವನಿಗೆ ಹೇಳದೆ ಪೆಟ್ಟಿಗೆಯಿಂದ ತಂದಿದ್ದ ರೂಪಾಯಿಯನ್ನು ನೇರವಾಗಿ ಅಕ್ಕಸಾಲಿಗನ ಹತ್ತಿರ ಒಯ್ದ.

ಆ ಭಾನುವಾರ ದೊಡ್ಡ ಸಂಘದಿಂದ ಒಬ್ಬ ಅತಿಥಿ ಬಂದಿದ್ದರು. ನಮ್ಮ ಕೂಟವನ್ನು ಸಂಘದ ಶಾಖೆ ಎಂದು ಒಪ್ಪಬಹುದೇ ನೋಡಲು. ನಾನು ಇಸ್ತ್ರಿ ಅಂಗಿಯ ಮೇಲೆ ಪದಕ ಚುಚ್ಚಿಕೊಂಡು ಹೋಗಿದ್ದೆ. ಶೀಳನೆರೆಯವನೂ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಹಸು ಕರು ಹಾಕಿತ್ತೆಂದು ಎಲ್ಲರಿಗೂ ಒಂದು ದೊಡ್ಡ ಡಬ್ಬಿ ತುಂಬ ಗಿಣ್ಣು ತಂದಿದ್ದ. ಇವತ್ತು ತಾನೂ ಮಣೆಗಿಡುತ್ತೇನೆ ಎಂದು ಮೇಷ್ಟ್ರಿಗೆ ಹೇಳಿ ರೂಪಾಯಿಯನ್ನು ಕೆಂಪು ಬಟ್ಟೆಯ ಮೇಲಿಟ್ಟು, ಕೈಕಟ್ಟಿ ನಿಂತ.

ಮೊದಲು ಎತ್ತಿಕೊಂಡವನು ನಾನೇ. ಬರಹ ಸವೆದಿತ್ತು. ಅಂಚು ತಿರುಗಿಸಿದರೆ ಒಂದು ಕಡೆ ಭತ್ತದ ಕಾಳಿನಷ್ಟು ಜಾಗದಲ್ಲಿ ಅರದ ಗುರುತು. ಎರಕದ ಖೋಟಾಗಳಲ್ಲಿ ಹೀಗೇ ಇರುತ್ತದೆ. ಲೋಹ ಹೊಯ್ದ ಬಾಯಿಯ ಹತ್ತಿರ ಒಂದು ಮೊಳಕೆ ಉಳಿಯುತ್ತದೆ, ಅದನ್ನು ಕತ್ತರಿಸಿ ಅರ ಹಾಕುತ್ತಾರೆ. ಜಜ್ಜಿದ ನಾಣ್ಯಗಳಲ್ಲೆಲ್ಲ ನಾನು ಆ ಗುರುತು ಕಂಡಿದ್ದೆ. ಬೆರಳಲ್ಲಿ ನಿಲ್ಲಿಸಿ ತಟ್ಟಿದೆ. ದಬ್ ಎಂದಿತು. ಅಭ್ಯಾಸಬಲದಿಂದ ಎಲ್ಲರೂ ಅವನ ಕಡೆ ತಿರುಗಿದರು, ದನಿ ಹೇಳುವವನು ಅವನೇ ತಾನೆ. ಅವನು ಬಾಯಿ ಬಿಟ್ಟ. ದನಿ ಬೆಸುಗೆಯಿಂದ ಸತ್ತಿದೆ, ಬೆಳ್ಳಿ ಒಳ್ಳೆಯದೇ ಅಂದ. ಅತಿಥಿ ಹುಬ್ಬೇರಿಸಿದರು. ನಾಣ್ಯದವನು ಪರೀಕ್ಷೆ ನಡುವೆ ಮಾತಾಡಿದ್ದು ನನಗೆ ಮೆಣಸಿನಕಾಯಿ ಇಟ್ಟಂತಾಯಿತು. ಅಂಚನ್ನು ಬೆಳಕಿಗೆ ಹಿಡಿದು, ಎರಕದ ಬಾಯಿ ಉಜ್ಜಿದ್ದಾನೆ ನೋಡಿ ಎಂದು ಅತಿಥಿಗೆ ತೋರಿಸಿದೆ.

“ಉಜ್ಜುಸು ಅಂದೋರೇ ನೀವಲ್ವಾ ಸಾ,” ಅಂದ ಅವನು.

ದೊಡ್ಡ ಸಂಘದವರ ಎದುರಿಗೆ, ಪದಕ ಹಾಕಿಕೊಂಡು ನಿಂತವನಿಗೆ, ಖೋಟಾ ಮಾಡಿಸಿದವನು ನೀನೇ ಎಂದಂತೆ ಕೇಳಿಸಿತು ನನಗೆ. ಬಲಗೈ ಬೀಸಿದೆ. ಅವನ ಎಡಗೆನ್ನೆ, ಎಡಗಿವಿ ಎರಡಕ್ಕೂ ಸೇರಿ ಬಿತ್ತು. ಅಂಗೈ ಕಿವಿಗೆ ಕೂತ ಸದ್ದು ಪಟಾಕಿಯ ಹಾಗಿತ್ತು. ಅವನು ಡಬ್ಬಿಯ ಮೇಲೆ ಬಿದ್ದ, ಗಿಣ್ಣೆಲ್ಲ ನೆಲಕ್ಕೆ ಚೆಲ್ಲಿತು. ಏಳಲು ಹೋದವನ ಎದೆಗೆ ಒದ್ದೆ. ಮೇಷ್ಟ್ರು ಬಂದು ತೋಳು ಹಿಡಿದರು, ಅವರನ್ನೂ ತಳ್ಳಿದೆ. ಅವರ ಕನ್ನಡಕ ಗೋಡೆಗೆ ಬಡಿದು ಅದರ ಕಾಲು ಮುರಿಯಿತು. ಬಡ್ಡೀಮಗನೆ, ನನ್ನ ಮೇಲೆ ಹಾಕ್ತೀಯ ಎಂದು ಏನೇನೋ ಕೂಗಿದೆ. ಅವನ ಕಿವಿಯಿಂದ ರಕ್ತದ ಒಂದು ಎಳೆ ಇಳಿದು ಬಿಳಿ ಕಾಲರಿಗೆ ಹತ್ತುವುದು ನನಗೆ ಕಾಣಿಸಿತು. ಕಾಣಿಸಿದರೂ ನಿಲ್ಲಲಿಲ್ಲ.

ಎಲ್ಲರೂ ಒಪ್ಪಬೇಕೆಂಬ ನಿಯಮವಿತ್ತಲ್ಲ, ನಾನು ಯಾರನ್ನೂ ಕೇಳಲಿಲ್ಲ. ರೂಪಾಯಿಯನ್ನು ಕಬ್ಬಿಣದ ತುಂಡಿನ ಮೇಲೆ ಇಟ್ಟು, ಉಳಿ ಹಿಡಿದು, ಮೈಯಲ್ಲಿದ್ದ ಸಿಟ್ಟನ್ನೆಲ್ಲ ಸುತ್ತಿಗೆಗೆ ಕೊಟ್ಟು ಹೊಡೆದೆ.

ಉಳಿ ಇಳಿದ ರೀತಿಯಲ್ಲೇ ಗೊತ್ತಾಯಿತು. ಎರಕದ್ದು ಮುರುಕಲು, ಉಳಿಗೆ ಚೂರು ಹಾರುತ್ತದೆ, ಒಳಗೆ ಕೆಂಪೋ ಬೂದಿಯೋ ಕಾಣುತ್ತದೆ. ಇದು ಮೆತ್ತಗೆ ಬಿಚ್ಚಿಕೊಂಡಿತು. ಕೊಯ್ದ ಗಾಯದ ಒಳಗೆ ಬೆಳ್ಳಗೆ, ಕೊನೆಯವರೆಗೂ ಬೆಳ್ಳಗೆ. ಇನ್ನೂರು ವರ್ಷಕ್ಕೂ ಹಿಂದೆ ಇಲ್ಲೇ ಪಟ್ಟಣದಲ್ಲಿ ಹೊಡೆದ ಅಸಲಿ ರೂಪಾಯಿ. ಅಯ್ಯೋ ಶಿವನೇ ಎಂದು ಒಳಗೇ ಅಂದುಕೊಂಡೆ. ಅತಿಥಿ ನೋಡುತ್ತಿದ್ದರು. ಅಂಗೈ ಮುಚ್ಚಿಕೊಂಡು “ಸತ್ತಿತು” ಅಂದೆ. ಯಾರೂ ದನಿಗೂಡಿಸಲಿಲ್ಲ. ತಗಡಿನ ಡಬ್ಬಿಗೆ ಹಾಕಿದರೆ ಯಾರಾದರೂ ನೋಡಿಯಾರೆಂದು ಜೇಬಿಗೆ ಹಾಕಿಕೊಂಡೆ.

ಅವನು ಟವೆಲ್ಲನ್ನು ಕಿವಿಗೆ ಒತ್ತಿಕೊಂಡು ಎದ್ದ. ತನ್ನದನ್ನು ಕೊಡಿ ಎಂದು ಕೈ ಚಾಚಿದ. ಸತ್ತದ್ದು ವಾಪಸ್ ಇಲ್ಲ ಅಂದೆ. ಖಾಲಿ ಗಿಣ್ಣಿನ ಡಬ್ಬಿ ಎತ್ತಿಕೊಂಡು ಹೊರಟ. ಮೆಟ್ಟಿಲು ಇಳಿಯುವಾಗ ಓಲಾಡುತ್ತಿದ್ದ, ಗೋಡೆ ತಡವಿಕೊಂಡು ಒಂದೊಂದೇ ಮೆಟ್ಟಿಲು ಇಳಿದ. ಅತಿಥಿ ಊಟಕ್ಕೂ ನಿಲ್ಲದೆ ಹೋದರು. ಶಾಖೆಯ ಮಾತು ಅಲ್ಲಿಗೇ ನಿಂತಿತು.

ಮನೆಗೆ ಬಂದು ಭೂತಗನ್ನಡಿ ಹಿಡಿದೆ. ಅರದ ಗುರುತಿನ ಸುತ್ತ ಬೆಸುಗೆಯ ಸೀಸ ಬೂದುಬಣ್ಣಕ್ಕೆ ಅಂಟಿಕೊಂಡಿತ್ತು. ಕೊಂಡಿ ಇದ್ದ ಜಾಗ ಅದು. ದನಿ ಸತ್ತದ್ದೂ ಅದರಿಂದಲೇ, ಅವನು ಹೇಳಿದ ಹಾಗೆಯೇ. ಇಂಥ ಗುರುತನ್ನು ಕಂಡರೆ ಮನೆಯಲ್ಲಿರುವ ಯಾವ ಮುದುಕಿಯಾದರೂ ಕೊಂಡಿ ಕಿತ್ತಿದ್ದಾರೆ ಅನ್ನುತ್ತಿದ್ದಳು. ಎರಕ ಅನ್ನಲು ನನ್ನಂಥ ಪಂಡಿತನೇ ಬೇಕಿತ್ತು. ಊಟಕ್ಕೆ ಕೂತಾಗ ಹೆಂಡತಿ ಸುದ್ದಿಯೆಲ್ಲ ಕೇಳಿ ತಿಳಿದುಕೊಂಡು ನನ್ನ ಮುಖ ನೋಡಿದಳು.

“ಕೊಂಡಿ ಕೀಳ್ಸು ಅಂತ ಏಳಿದ್ದು ನೀವೇ ಅಲ್ವಾ? ನಾನು ಡಬ್ಬಿ ಇಡ್ಕಂಡು ನಿಂತಿದ್ನಲ್ಲ.”

ನೆನಪಾಯಿತು. ನೆನಪಾದದ್ದಕ್ಕೆ ತಟ್ಟೆ ಎತ್ತಿ ಗೋಡೆಗೆ ಎಸೆದೆ. ಸೊಪ್ಪಿನ ಸಾರು ಗೋಡೆಯ ಉದ್ದಕ್ಕೂ ಇಳಿಯಿತು. ಅವಳು ಒರಸಲಿಲ್ಲ. ಮಾರನೇ ದಿನವೂ ಒರಸಲಿಲ್ಲ. ಮೂರನೇ ದಿನ ನಾನೇ ಒದ್ದೆ ಬಟ್ಟೆ ತೆಗೆದುಕೊಂಡು ಉಜ್ಜಿದೆ, ಕಲೆ ಹೋಗಲಿಲ್ಲ.

ಎರಡು ತಿಂಗಳು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಕೂಟಕ್ಕೂ ಹೋಗಲಿಲ್ಲ. ರೂಪಾಯಿ ಅಂಗಡಿಯ ಡ್ರಾಯರಿನಲ್ಲಿ ತಂತಿ ಚೂರುಗಳ ಕೆಳಗಿತ್ತು. ಒಂದು ಬೆಳಿಗ್ಗೆ ಮೇಷ್ಟ್ರು ಬಂದರು, ಕನ್ನಡಕದ ಕಾಲಿಗೆ ದಾರ ಸುತ್ತಿತ್ತು. ಶೀಳನೆರೆಗೆ ಹೋಗಿದ್ದೆ ಅಂದರು. ಕಿವಿಯ ತಮಟೆ ಹರಿದಿದೆ, ಆ ಕಡೆ ಇನ್ನು ಕೇಳಿಸುವುದಿಲ್ಲ ಎಂದು ಕೆ.ಆರ್.ಪೇಟೆಯ ಡಾಕ್ಟರು ಹೇಳಿದರಂತೆ. ಅದಕ್ಕಿಂತ ಕೆಟ್ಟದ್ದು ಅವನ ಮನೆಯಲ್ಲಿ ನಡೆದಿತ್ತು. ಅವನ ಅಣ್ಣನ ಮಗಳಿಗೆ ಹೆರಿಗೆಯಾಗಿ, ಉಡಿದಾರಕ್ಕೆಂದು ಪೆಟ್ಟಿಗೆ ತೆಗೆದರೆ ರೂಪಾಯಿ ಇಲ್ಲ. ಕೂಟದವರು ಖೋಟಾ ಎಂದು ಕಡಿದುಹಾಕಿದರು ಅಂತ ಇವನು ಇದ್ದದ್ದು ಇದ್ದ ಹಾಗೆ ಹೇಳಿದ. ನಮ್ಮನೆಯದು ಖೋಟಾ ಆಗಲು ಸಾಧ್ಯವಿಲ್ಲ, ಹಾಗಾದರೆ ನೀನು ಅಸಲಿ ಮಾರಿಕೊಂಡು ಖೋಟಾ ತೋರಿಸಿದ್ದೀಯ ಅಂದ ಅಣ್ಣ. ಕೊಟ್ಟಿಗೆಯಲ್ಲಿ ಕೆಡವಿಕೊಂಡು ಮೆಟ್ಟಿದನಂತೆ, ಹಸು ಕಟ್ಟುವ ಹಗ್ಗದಲ್ಲಿ ಬೆನ್ನು ಬಾಸುಂಡೆ ಬರುವಂತೆ ಬಾರಿಸಿದನಂತೆ. ಊರೆಲ್ಲ ಅವನನ್ನು ಮನೆಗಳ್ಳ ಅನ್ನುತ್ತಿತ್ತು. ಅವ್ವ ಆ ದಿನದಿಂದ ಅವನ ಜೊತೆ ಮಾತು ಬಿಟ್ಟಿದ್ದಳು.

“ಆ ನಾಣ್ಯ ಡಬ್ಬಿಯಲ್ಲಿ ಹುಡುಕಿದೆ, ಇಲ್ಲ,” ಎಂದರು ಮೇಷ್ಟ್ರು. “ನಿಜ ಹೇಳು. ಖೋಟಾನೇನಯ್ಯ ಅದು?”

ಡ್ರಾಯರು ತೆಗೆದು ಅವರ ಮುಂದಿಟ್ಟೆ. ಅಂಚು ಹಿಡಿದು ಎತ್ತಿಕೊಂಡರು, ಆಗಲೂ ಅಂಚೇ. ಕೊಯ್ದ ಜಾಗವನ್ನು ಬಹಳ ಹೊತ್ತು ನೋಡಿದರು. ಅವರು ನನ್ನ ಕೆನ್ನೆಗೆ ಒಂದು ಬಿಟ್ಟಿದ್ದರೆ ಚೆನ್ನಾಗಿತ್ತು. ಹೋಗಿ ಹೇಳಿ ಬಾ, ಅವರ ಮನೆ ಬಾಗಿಲಲ್ಲೇ ಹೇಳಿ ಬಾ ಎಂದಷ್ಟೇ ಹೇಳಿ ಎದ್ದುಹೋದರು. ಅದೇ ದಿನ ನಡೆದದ್ದನ್ನೆಲ್ಲ ಬರೆದು ಪದಕದ ಜೊತೆ ದೊಡ್ಡ ಸಂಘಕ್ಕೆ ರಿಜಿಸ್ಟರು ಮಾಡಿದೆ. ಸದಸ್ಯತ್ವದ ಒಂದು ಅರ್ಜಿ ಫಾರಂ ಹುಡುಕಿ ಅವನಿಗೆಂದು ಮಡಚಿ ಇಟ್ಟುಕೊಂಡೆ.

ಬಸ್ಸಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಲೆಕ್ಕಾಚಾರ. ಅವನನ್ನು ಒಬ್ಬನೇ ಸಿಗಿಸಿಕೊಳ್ಳಬೇಕು, ಮೆತ್ತಗೆ ಹೇಳಬೇಕು, ರೂಪಾಯಿ ಕೈಗಿಟ್ಟು ಅದೇ ಬಸ್ಸಿಗೆ ವಾಪಸ್ ಬರಬೇಕು. ಮನೆಯವರಿಗೆ ಅವನೇ ಹೇಳಿಕೊಳ್ಳಲಿ. ನನ್ನ ಅದೃಷ್ಟಕ್ಕೆ ಅವನು ಜಗಲಿಯ ಮೇಲೆ ಒಬ್ಬನೇ ಕೂತಿದ್ದ, ಹಾಲಿನ ಕ್ಯಾನು ಉಜ್ಜುತ್ತಿದ್ದ. ಕತ್ತಿನ ಹಿಂದೆ ಹಗ್ಗದ ಬರೆ ಇನ್ನೂ ಕಪ್ಪಗಿತ್ತು. ನನ್ನನ್ನು ಕಂಡು ಬೈಯಲಿಲ್ಲ, ಬನ್ನಿ ಅನ್ನಲೂ ಇಲ್ಲ. ತನ್ನ ಬಲಕ್ಕಿದ್ದ ಕ್ಯಾನು ಸರಿಸಿ ಜಾಗ ಮಾಡಿದ. ಅಲ್ಲೇ ಕೂತೆ. ಅರ್ಜಿ ಫಾರಂ ಕೊಟ್ಟೆ, ಅದನ್ನು ನೋಡದೆ ಪಕ್ಕಕ್ಕಿಟ್ಟು ಮೇಲೆ ಹಾಲಿನ ಅಳತೆ ಲೋಟ ಕವುಚಿದ. ತಲೆ ತಗ್ಗಿಸಿ, ರೂಪಾಯಿ ಒಳ್ಳೆಯದೇ ಇತ್ತು, ತಪ್ಪು ನನ್ನದು ಎಂದು ಮೆಲ್ಲಗೆ ಹೇಳಿದೆ.

“ಏನಂದ್ರಿ ಸಾ? ಕೇಳ್ನಿಲ್ಲ.”

ಇನ್ನಷ್ಟು ದನಿ ಏರಿಸಿ ಹೇಳಿದೆ. ಎದುರು ಮನೆಯಲ್ಲಿ ರಾಗಿ ಕೇರುತ್ತಿದ್ದ ಹೆಂಗಸರು ಮೊರ ನಿಲ್ಲಿಸಿದರು. ಅವನು ಮತ್ತೆ ತಲೆಯಾಡಿಸಿದ.

“ಇನ್ನೊಸಿ ಗಟ್ಯಾಗಿ ಏಳಿ ಸಾ. ಈ ಕಿವಿ ಓಗ್ಬುಡ್ತಲ್ಲ.”

ಎದ್ದು ನಿಂತೆ. ಇನ್ನೇನು ಮಾಡಲಿ? ಜೀವಮಾನವೆಲ್ಲ ಸಿಟ್ಟಿಗೇ ಬಳಸಿದ ಗಂಟಲನ್ನು ಪೂರ್ತಿ ತೆರೆದೆ.

“ನಿಮ್ಮನೆ ರೂಪಾಯಿ ಅಸಲಿ! ಕೊಂಡಿ ಕೀಳ್ಸು ಅಂದೋನು ನಾನು, ಕಡಿದೋನೂ ನಾನು. ಕಡಿದಾಗ್ಲೇ ಬೆಳ್ಳಿ ಅಂತ ಗೊತ್ತಾಯ್ತು, ಗೊತ್ತಾದ್ರೂವೆ ಬಾಯ್ ಮುಚ್ಕಂಡಿದ್ದೆ. ಇವ್ನು ಏನೂ ಮಾರ್ಕಂಡಿಲ್ಲ!”

ಬೀದಿಯಲ್ಲಿ ಹೋಗುತ್ತಿದ್ದ ಟ್ರಾಕ್ಟರಿನವನು ನಿಲ್ಲಿಸಿಕೊಂಡು ನೋಡಿದ. ಅಣ್ಣ ಒಳಗಿನಿಂದ ನುಗ್ಗಿ ಬಂದವನೇ ನನ್ನ ಕಾಲರು ಹಿಡಿದು ಕಂಬಕ್ಕೆ ಬಡಿದ. ತಲೆ ಕಂಬಕ್ಕೆ ತಾಗಿ ಕಣ್ಣು ಕತ್ತಲಿಟ್ಟಿತು, ಬಾಯೊಳಗೆ ರಕ್ತದ ರುಚಿ ಬಂತು. ನನ್ನ ಕೈ ಎದ್ದಿತು, ಅಭ್ಯಾಸ. ನಾನೇ ಅದನ್ನು ಇಳಿಸಿದೆ. ಇನ್ನೂ ಬೀಳುತ್ತಿದ್ದವೋ ಏನೋ, ಅಷ್ಟರಲ್ಲಿ ಬುಡು ಅಣ್ಣ ಎಂದು ತಮ್ಮನೇ ತಡೆದ. ಅಣ್ಣ ನನ್ನನ್ನು ಬಿಟ್ಟು ತಮ್ಮನ ಕತ್ತಿನ ಬರೆಯನ್ನು ನೋಡಿದ, ನೋಡಲಾರದೆ ಬೀದಿಯ ಕಡೆ ತಿರುಗಿಕೊಂಡ.

ಅವ್ವ ಹೊಸ್ತಿಲವರೆಗೆ ಬಂದಿದ್ದಳು, ಹಿಡಿಯಷ್ಟು ಮುದುಕಿ. ಕೈ ನೀಡಿದಳು. ರೂಪಾಯಿ ಇಟ್ಟೆ, ಅಂಚು ಗಿಂಚು ಯಾವುದೂ ನೆನಪಾಗಲಿಲ್ಲ. ಉಳಿ ಕೊಯ್ದ ಗಾಯದ ಮೇಲೆ ಹೆಬ್ಬೆರಳು ಆಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಒಳಗೆ ಹೋಗಿ, ಅಡುಗೆಮನೆಯ ಕಡೆಯಿಂದ, ತನಗೆ ತಾನೇ ಹೇಳಿಕೊಳ್ಳುವಷ್ಟು ಸಣ್ಣ ದನಿಯಲ್ಲಿ ಕೇಳಿದಳು.

“ಉಂಡೇನ್ಲಾ, ಮಗಾ?”

“ಇಲ್ಲ ಕಣವ್ವ, ಬಂದೆ,” ಎಂದು ಅವನು ತಕ್ಷಣ ಎದ್ದ. ಕಣ್ಣೊರೆಸಿಕೊಂಡು ಒಳಗೆ ಹೋದ.

ವಾಪಸ್ ಬರುವಾಗ ಬಸ್ಸು ಕೆ.ಆರ್.ಪೇಟೆ ದಾಟುವವರೆಗೆ ತಲೆಯ ಹಿಂದಿನ ಬೋರೆಯನ್ನು ಸವರಿಕೊಳ್ಳುತ್ತ ಕೂತಿದ್ದೆ. ಆಮೇಲೆ ಹೊಳೆಯಿತು. ನಾನು ಹೊಡೆದದ್ದು ಬಲಗೈಯಲ್ಲಿ, ಹೋದದ್ದು ಅವನ ಎಡಗಿವಿ. ಅವನು ಕ್ಯಾನು ಸರಿಸಿ ನನ್ನನ್ನು ಕೂರಿಸಿಕೊಂಡದ್ದು ಬಲಕ್ಕೆ. ಅಡುಗೆಮನೆಯಿಂದ ಅವ್ವ ಪಿಸುಗುಟ್ಟಿದ್ದು ಕೇಳಿಸಿದ ಕಿವಿಗೆ ಒಂದು ಮೊಳ ದೂರದಲ್ಲಿ ಕೂತ ನನ್ನ ಮಾತು ಮೊದಲ ಸಲವೇ ಕೇಳಿಸಿತ್ತು. ಅವನ ಜಾಗದಲ್ಲಿ ನಾನಿದ್ದಿದ್ದರೆ ಹಾಲಿನ ಕ್ಯಾನು ಎತ್ತಿ ಎದುರಿನವನ ತಲೆ ಒಡೆಯುತ್ತಿದ್ದೆ. ಅವನು ಕೈ ಎತ್ತಲಿಲ್ಲ, ಮೂರು ಸಲ ಹೇಳಿಸಿದ.